ಹುಚ್ಚಿನ ಕತೆ ಬರೆದವರು ಯಾರು?

ಮುಂಬೈಯಲ್ಲಿ ಯಾರಾದರೂ ಒಂದು ಮಾತು ಹೆಚ್ಚು ಆಡಿದರೆ, ಇಲ್ಲವೇ ಆಡಬೇಕಾದ ಕಡೆ ಸುಮ್ಮನೆ ಕೂತರೆ, 'ಇವನನ್ನು ಥಾಣೆಗೆ ಕಳಿಸಬೇಕು' ಅನ್ನುತ್ತಾರೆ. ಮರಾಠಿಯವರು ಅನ್ನುತ್ತಾರೆ, ಗುಜರಾತಿಗಳು ಅನ್ನುತ್ತಾರೆ, ಮೂರು ತಲೆಮಾರಿನಿಂದ ಇಲ್ಲಿರುವ ನಮ್ಮವರೂ ಅನ್ನುತ್ತಾರೆ. ನಾನು ಹನ್ನೊಂದು ವರ್ಷದಿಂದ ಇರುವುದೇ ಥಾಣೆಯಲ್ಲಿ. ಆಫೀಸಿಗೆ ಬಂದ ಹೊಸಬರು ಮನೆ ಎಲ್ಲಿ ಎಂದು ಕೇಳಿ, ನಾನು ಹೇಳಿ, ಅವರು ನಕ್ಕು, ನಾನೂ ನಕ್ಕ ಮೇಲೆಯೇ ಪರಿಚಯ ಮುಂದುವರಿಯುವುದು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದ್ದ ಹಾಗೆ, ಹುಬ್ಬಳ್ಳಿಯವರಿಗೆ ಧಾರವಾಡ ಇದ್ದ ಹಾಗೆ, ಈ ಊರಿಗೆ ಥಾಣೆ.

ಈ ಗೇಲಿಗೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿದೆ. ಥಾಣೆಯ ಮನೋರೋಗ ಆಸ್ಪತ್ರೆ ಶುರುವಾದದ್ದು 1901ರಲ್ಲಿ, ನರೋತ್ತಮದಾಸ್ ಮಾಧವದಾಸ್ ಎಂಬ ದಾನಿಯ ಹೆಸರಿನಲ್ಲಿ. ಅದಕ್ಕೂ ಮೊದಲು ಬೊಂಬಾಯಿಯ ಹುಚ್ಚಾಸ್ಪತ್ರೆ ಕೊಲಾಬಾದಲ್ಲಿತ್ತು. ಊರು ಬೆಳೆದು ಕೊಲಾಬಾದ ನೆಲಕ್ಕೆ ಬೆಲೆ ಬಂತು, ಅಲ್ಲಿದ್ದವರು ಖಾಡಿ ದಾಟಿ ಊರಾಚೆಗೆ ಬಂದರು. ಈಗ ಊರಾಚೆ ಅನ್ನುವುದು ಉಳಿದಿಲ್ಲ. 1,850 ಹಾಸಿಗೆಗಳ ಆ ಆಸ್ಪತ್ರೆಯ ಸುತ್ತ ಇಪ್ಪತ್ತು ಮಹಡಿಯ ಕಟ್ಟಡಗಳೆದ್ದಿವೆ. ಆಸ್ಪತ್ರೆಯ ಜಾಗದ ಒಂದು ಭಾಗದಲ್ಲಿ, ಥಾಣೆಗೂ ಮುಲುಂಡಿಗೂ ನಡುವೆ, ಹೊಸದೊಂದು ಲೋಕಲ್ ಸ್ಟೇಷನ್ ಬರಲಿದೆ. ಅದು ಬಂದ ಮೇಲೆ ಗೇಲಿಗೂ ಟಿಕೆಟ್ ಸಿಗಬಹುದು.

ಈ ಇತಿಹಾಸವನ್ನು ನಾನು ಕೆದಕಿದ್ದು ಒಂದು ಪುಸ್ತಕದ ದೆಸೆಯಿಂದ. ಶಾಹೀನ್ ಭಟ್ ಎಂಬ ಜುಹೂ ಹೆಣ್ಣುಮಗಳು 2018ರಲ್ಲಿ ಇಂಗ್ಲಿಷಿನಲ್ಲಿ ಬರೆದ, ತನ್ನ ಖಿನ್ನತೆಯ ಬಗೆಗಿನ ಪುಟ್ಟ ಆತ್ಮಕಥನ, 'ಐ ಹ್ಯಾವ್ ನೆವರ್ ಬೀನ್ (ಅನ್)ಹ್ಯಾಪಿಯರ್'. ಅದನ್ನು ಓದುವ ಹೊತ್ತಿಗೆ ನನಗೆ ಡಾಕ್ಟರು ಅದೇ ಖಾಯಿಲೆಯ ಹೆಸರು ಹೇಳಿ ನಾಲ್ಕು ತಿಂಗಳಾಗಿತ್ತು. ಪುಸ್ತಕ ಕೊಟ್ಟ ನೆಮ್ಮದಿಯ ಮಾತು ಆಮೇಲೆ ಬರೆಯುತ್ತೇನೆ. ಓದಿ ಮುಗಿಸಿದ ದಿನ ಎದ್ದದ್ದು ಬೇರೆಯೇ ಪ್ರಶ್ನೆ: ಇವರಿಗಿಂತ ಮೊದಲು ಈ ಊರಿನಲ್ಲಿ ಮನಸ್ಸು ಕೆಟ್ಟವರ ಕತೆ ಬರೆದವರು ಯಾರು? ತಮ್ಮ ಹೆಸರಿನಲ್ಲಿ, ತಾವೇ ಬರೆದವರು ಎಷ್ಟು ಜನ?

ಮೊಟ್ಟಮೊದಲು ಬರೆದವರು ಪೊಲೀಸರು. 1858ರ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಸಿಕ್ಕ 'ಲೂನಟಿಕ್'ನನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವರು ಆಸ್ಪತ್ರೆಗೆ ಕಳಿಸಬೇಕು. ಜೊತೆಗೆ ವಿವರಗಳ ಒಂದು ಫಾರಂ ಹೋಗುತ್ತಿತ್ತು. ಹೆಸರು, ಜಾತಿ, ಕಸುಬು, ಎಷ್ಟು ದಿನದಿಂದ ಹೀಗೆ, ಮತ್ತು ಒಂದು ಕಾಲಂ, 'ಕಾರಣ'. ನನ್ನ ಕೆಲಸ ಒಂದು ವಿಮಾ ಕಂಪನಿಯ ಕ್ಲೇಮ್ಸ್ ವಿಭಾಗದಲ್ಲಿ. ದಿನಕ್ಕೆ ನಲವತ್ತು ಜನರ ಖಾಯಿಲೆಯನ್ನು ಫಾರಂ ಮೇಲೆ ನೋಡುವವನು. ಕಾರಣ ಎಂಬ ಕಾಲಮನ್ನು ಜನ ಹೇಗೆ ತುಂಬುತ್ತಾರೆಂದು ಬಲ್ಲೆ. ಖಾಲಿ ಬಿಟ್ಟರೆ ಫಾರಂ ವಾಪಸು ಬರುತ್ತದೆ, ಆದ್ದರಿಂದ ಏನಾದರೂ ಬರೆಯುತ್ತಾರೆ.

ಆಗಿನವರೂ ಹಾಗೇ ಬರೆದರು. ಬರೆಯಲು ಸುಲಭವಾಗಿ ಸಿಕ್ಕ ಪದ 'ಗಾಂಜಾ'. ಆಸ್ಪತ್ರೆಗಳ ವಾರ್ಷಿಕ ವರದಿಯಲ್ಲಿ ಗಾಂಜಾದಿಂದ ಹುಚ್ಚು ಹಿಡಿದವರ ಲೆಕ್ಕ ವರ್ಷ ವರ್ಷವೂ ಅಚ್ಚಾಯಿತು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಇದರ ಮೇಲೆ ಪ್ರಶ್ನೆ ಎದ್ದು, 1893ರಲ್ಲಿ ಸರ್ಕಾರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಿಸಿತು. ಕಮಿಷನ್ನಿನವರು ಒಂದು ಒಳ್ಳೆಯ ಕೆಲಸ ಮಾಡಿದರು. 1892ರಲ್ಲಿ ದೇಶದ ಹುಚ್ಚಾಸ್ಪತ್ರೆಗಳಿಗೆ ಸೇರಿದವರಲ್ಲಿ ಗಾಂಜಾ ಕಾರಣ ಎಂದು ನಮೂದಾದವರ ಕತೆಯನ್ನು ಒಂದೊಂದಾಗಿ ಮರಳಿ ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚಿನವು ನಿಲ್ಲಲಿಲ್ಲ. ಪೊಲೀಸು ಬರೆದದ್ದನ್ನು ಆಸ್ಪತ್ರೆಯ ಗುಮಾಸ್ತ ನಕಲು ಮಾಡಿದ್ದ, ಗುಮಾಸ್ತ ಬರೆದದ್ದಕ್ಕೆ ದೊರೆ ಸಹಿ ಹಾಕಿದ್ದ. ಒಳಗಿದ್ದ ಮನುಷ್ಯನನ್ನು ಕೇಳುವ ಕಾಲಂ ಆ ಫಾರಂನಲ್ಲಿ ಇರಲೇ ಇಲ್ಲ.

ನಮ್ಮ ಕಡೆಯವರಿಗೆ ಈ ಬೊಂಬಾಯಿ ವರದಿಗಳು ಪರಕೀಯವೇನಲ್ಲ. ಧಾರವಾಡದ ಹುಚ್ಚಾಸ್ಪತ್ರೆಯೂ ಅದೇ ಪ್ರಾಂತದ್ದು, ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲೇ ಶುರುವಾದದ್ದು. ಧಾರವಾಡ, ಬೆಳಗಾವಿ, ವಿಜಾಪುರ ಬೊಂಬಾಯಿಗೆ ಸೇರಿದ್ದವು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟ ನಮ್ಮ ಉತ್ತರ ಕನ್ನಡವೂ ಅದಕ್ಕೇ ಸೇರಿತು. ಹಾಗಾಗಿ ಘಟ್ಟದ ಕೆಳಗಿನ ಮನೆಯೊಂದರಲ್ಲಿ ಯಾರದೋ ತಲೆ ಕೆಟ್ಟರೆ ಮೊದಲು ದೇವರ ಪ್ರಸಾದ, ಆಮೇಲೆ ಗಾಡಿಗ, ಯಾವುದೂ ಆಗದಿದ್ದರೆ ಘಟ್ಟ ಹತ್ತಿಸಿ ಧಾರವಾಡ. ರಾಜ್ಯ ಬದಲಾದ ಮೇಲೂ ಆ ದಾರಿ ಬದಲಾಗಲಿಲ್ಲ. ನನ್ನ ಚಿಕ್ಕಮ್ಮನನ್ನು 1988ರಲ್ಲಿ ಕರೆದೊಯ್ದದ್ದು ಅದೇ ದಾರಿಯಲ್ಲಿ.

ಚಿಕ್ಕಮ್ಮ ಮದುವೆಯಾಗಿ ಡೊಂಬಿವಿಲಿಯ ಚಾಳಿಗೆ ಬಂದವಳು. ಎರಡನೇ ವರ್ಷ ಹೆರಿಗೆಯಾಯಿತು. ಕೂಸಿಗೆ ಮೂರು ತಿಂಗಳು ತುಂಬುವ ಮೊದಲೇ ಅವಳನ್ನು ಊರಿಗೆ ಬಿಟ್ಟುಹೋದರು. ನಮ್ಮ ಮನೆಯಲ್ಲಿ ಈ ಸಂಗತಿಗೆ ಇರುವುದು ಒಂದೇ ವಾಕ್ಯ: 'ಅವಳಿಗೆ ಬೊಂಬಾಯಿ ನೀರು ಒಗ್ಗಲಿಲ್ಲ.' ನಾನು ಈ ವಾಕ್ಯವನ್ನು ಕೇಳುತ್ತಲೇ ದೊಡ್ಡವನಾದೆ. ನೌಕರಿ ಸಿಕ್ಕಿ ನಾನೂ ಮುಂಬೈಗೆ ಹೊರಟಾಗ ಅಜ್ಜಿ ಡಬ್ಬಿಗೆ ಚಕ್ಕುಲಿ ತುಂಬುತ್ತ, ನೀರು ಕಾಯಿಸಿ ಕುಡಿ ಅಂದಳು. ಎಲ್ಲರಿಗೂ ಅರ್ಥವಾಯಿತು, ಯಾರೂ ಮುಂದೆ ಮಾತಾಡಲಿಲ್ಲ. ಕಮಿಷನ್ನಿನವರ ವರದಿ ಓದುವಾಗ ನನಗೆ ಇದೇ ನೆನಪಾಗುತ್ತಿತ್ತು. ಅಲ್ಲಿ ಗಾಂಜಾ, ಇಲ್ಲಿ ನೀರು. ಕಾಲಂ ತುಂಬಿದವರು ಬೇರೆಯವರು.

ಕಾಯ್ದೆಗಳ ಕತೆಯನ್ನು ಬೇಗ ಹೇಳಿಬಿಡುತ್ತೇನೆ. 1858ರದ್ದು ಹೋಗಿ 1912ರ ಲೂನಸಿ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದು ನಲವತ್ತು ವರ್ಷ ಅದೇ ನಡೆಯಿತು. 1987ರಲ್ಲಿ ಮೆಂಟಲ್ ಹೆಲ್ತ್ ಆಕ್ಟ್ ಪಾಸಾಯಿತು, ಜಾರಿಯಾಗಲು 1993 ಬಂತು. ಎಂದರೆ ಚಿಕ್ಕಮ್ಮ ಧಾರವಾಡಕ್ಕೆ ಹೋದಾಗ ಕಾನೂನಿನ ಕಣ್ಣಿನಲ್ಲಿ ಅವಳು ಇನ್ನೂ 'ಲೂನಟಿಕ್'. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿಯ ಆಶ್ರಮವೊಂದರಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಯಲ್ಲಿ ಸತ್ತ ಮೇಲೆ ಸುಪ್ರೀಂ ಕೋರ್ಟು ಕಣ್ಣು ಬಿಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಚಿಕಿತ್ಸೆ ಹಕ್ಕು ಎಂದಿತು. ಸಾಯಲು ಹೋದವನನ್ನು ಅಪರಾಧಿ ಎಂದು ನೋಡದೆ ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಬೇಕು ಎಂದಿತು. ವಿಮಾ ಕಂಪನಿಗಳು ಮೈಯ ಖಾಯಿಲೆಗೂ ಮನಸ್ಸಿನ ಖಾಯಿಲೆಗೂ ಭೇದ ಮಾಡಬಾರದು ಎಂದಿತು. ಈ ಕೊನೆಯದು ನನ್ನ ಟೇಬಲ್ಲಿಗೇ ಬಂದ ಕಾನೂನು. ಅದು ಬಂದ ಮೇಲೂ ಅಂಥ ಕ್ಲೇಮ್ ಹಾಕುವವರು ಎಷ್ಟು ಕಡಿಮೆ ಎಂದರೆ, ಯಾರಾದರೂ ಹಾಕಿದರೆ ಫೈಲಿಗೆ ಇನ್ನೊಂದು ನಮಸ್ಕಾರ ಮಾಡೋಣ ಅನಿಸುತ್ತದೆ. ಹೆಚ್ಚಿನವರು ಸ್ವಂತ ದುಡ್ಡು ಕೊಟ್ಟು, ಬಿಲ್ಲು ಹರಿದುಹಾಕುತ್ತಾರೆ.

ಕಾನೂನಿಗಿಂತ ಮೊದಲು ಗೋಡೆಯನ್ನು ಸ್ವಲ್ಪ ಒಡೆದವರು ಡಾಕ್ಟರುಗಳು. 1938ರಲ್ಲಿ ಡಾ. ಕೆ. ಕೆ. ಮಸಾನಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ತೆರೆದರು. ಕಾಲು ಮುರಿದವರು, ಕ್ಷಯದವರು ಬರುವ ಗೇಟಿನಿಂದಲೇ ಮನಸ್ಸು ಮುರಿದವರೂ ಒಳಗೆ ಬರಬಹುದಾಯಿತು. ಆ ಜೆ.ಜೆ.ಯ 33ನೇ ವಾರ್ಡು ಮುಂದೆ ಸಾಹಿತ್ಯದಲ್ಲಿ ಬಂತು. ಜೆರಿ ಪಿಂಟೊ ಅವರ 'ಎಮ್ ಅಂಡ್ ದ ಬಿಗ್ ಹೂಮ್' (2012) ಮಾಹಿಮಿನ ಒಂದು ಬೆಡ್‌ರೂಮಿನ ಫ್ಲಾಟಿನ ಕತೆ. ಅಪ್ಪ, ಅಮ್ಮ, ಅಕ್ಕ, ತಮ್ಮ. ಅಮ್ಮ ಒಂದು ದಿನ ಎಲ್ಲರನ್ನೂ ನಗಿಸಿ ಉರುಳಿಸುತ್ತಾಳೆ, ಇನ್ನೊಂದು ದಿನ ಬಚ್ಚಲಿನಲ್ಲಿ ಕೈ ಕೊಯ್ದುಕೊಂಡಿರುತ್ತಾಳೆ. ಗಂಡ ಆಫೀಸಿನಿಂದ ಬಂದು ನೆಲ ಒರೆಸುತ್ತಾನೆ. ಪಿಂಟೊ ತಮ್ಮದೇ ತಾಯಿಯ ಖಾಯಿಲೆಯಿಂದ ಹುಟ್ಟಿದ ಈ ಪುಸ್ತಕವನ್ನು ಎರಡು ದಶಕ ತಿದ್ದಿ ತಿದ್ದಿ ಬರೆದು, ಕೊನೆಗೂ ಕಾದಂಬರಿ ಎಂದೇ ಕರೆದರು. 2016ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ, ಮನೆಯಲ್ಲಿ ಇಂಥ ಖಾಯಿಲೆ ಇದ್ದವರು ಬರೆದ ನಿಜದ ಲೇಖನಗಳನ್ನು ಸೇರಿಸಿ 'ಎ ಬುಕ್ ಆಫ್ ಲೈಟ್' ಸಂಪಾದಿಸಿದರು. ಈ ಎರಡು ಪುಸ್ತಕದಲ್ಲೂ ಮಾತಾಡುವವರು ಹೆಚ್ಚಾಗಿ ಮಕ್ಕಳು, ಗಂಡ, ಹೆಂಡತಿ. ಪಕ್ಕದ ಕುರ್ಚಿಯಲ್ಲಿ ಕೂತವರು. ಪೊಲೀಸರಿಗಿಂತ ಸಾವಿರ ಪಾಲು ಹತ್ತಿರದವರು, ಆದರೂ ಹಾಸಿಗೆಯಲ್ಲಿ ಇದ್ದವರಲ್ಲ.

ಇಷ್ಟು ಓದುವಾಗ ಕನ್ನಡದಲ್ಲಿ ಏನಿದೆ ಎಂದು ಹುಡುಕದೆ ಇರಲಾಗುತ್ತದೆಯೇ? ನಮ್ಮಲ್ಲಿ ಬಹಳ ಮೊದಲೇ ಇತ್ತು. ತ್ರಿವೇಣಿ ಮನಃಶಾಸ್ತ್ರ ಓದಿದವರು; ಅವರ 'ಶರಪಂಜರ'ದ ಕಾವೇರಿ ಬಾಣಂತಿತನದಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ನಿಜವಾದ ಖಾಯಿಲೆ ಅಲ್ಲಿಂದ ಶುರು: ಗಂಡ ನಂಬುವುದಿಲ್ಲ, ಮನೆಯವರು ನಂಬುವುದಿಲ್ಲ, ಕೆಲಸದವಳೂ ನಂಬುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು, ಕಲ್ಪನಾ ಅವರ ಪಾತ್ರ ಮನೆಮಾತಾಯಿತು. ನಮ್ಮ ತಾಯಂದಿರು ಥಿಯೇಟರಿನಲ್ಲಿ ಕಾವೇರಿಗಾಗಿ ಅತ್ತರು. ಮನೆಗೆ ಬಂದು, ಪಕ್ಕದ ಮನೆಯ ಕಾವೇರಿಗೆ ನೀರು ಒಗ್ಗಲಿಲ್ಲ ಎಂದರು.

ಇನ್ನು ಮುಂಬೈ ಕನ್ನಡಿಗರ ಮನಸ್ಸಿನ ಬಗ್ಗೆ ಯಶವಂತ ಚಿತ್ತಾಲರಷ್ಟು ಒಳಗೆ ಇಳಿದು ಬರೆದವರು ಇನ್ನೊಬ್ಬರಿಲ್ಲ. 'ಶಿಕಾರಿ' 1979ರದ್ದು. ಹನೇಹಳ್ಳಿಯಿಂದ ಬಂದು ಕಂಪನಿಯಲ್ಲಿ ಮೇಲೇರಿದ ನಾಗಪ್ಪನ ಬೆನ್ನಿಗೆ ಯಾರೋ ಬಿದ್ದಿದ್ದಾರೆ. ಯಾರು, ಯಾಕೆ ಎಂಬ ಭಯ ಅವನ ತಲೆಯೊಳಗೆ ಹಗಲೂ ರಾತ್ರಿ ಗಿರಣಿಯಂತೆ ತಿರುಗುತ್ತದೆ. ಮೊದಲು ಕಾಲೇಜಿನಲ್ಲಿ ಓದಿದಾಗ ನನಗೆ ಅದು ಕಾರ್ಪೊರೇಟ್ ಸಂಚಿನ ಕತೆ. ರಾತ್ರಿ ಮೂರಕ್ಕೆ ಎಚ್ಚರವಾಗಿ ಬೆಳಗಿನವರೆಗೆ ಒಂದೇ ಇಮೇಲನ್ನು ಮನಸ್ಸಿನಲ್ಲಿ ನೂರು ಸಲ ಓದುವ ದಿನಗಳು ಬಂದಮೇಲೆ ಮತ್ತೆ ಓದಿದೆ. ಸಂಚು ನಿಜವೋ ಅಲ್ಲವೋ, ಆ ಗಿರಣಿ ನಿಜ. ಆದರೆ ಚಿತ್ತಾಲರೂ ಅದನ್ನು ನಾಗಪ್ಪನ ಹೆಗಲಿಗೆ ಹಾಕಿದರು. ಅದು ಅವರ ಕಲೆ, ತಕರಾರಿಲ್ಲ.

ನನ್ನ ತಕರಾರು ಇರುವುದು ನಮ್ಮ ಆತ್ಮಕಥೆಗಳ ಬಗ್ಗೆ. ಮುಂಬೈ ಕನ್ನಡಿಗರ ಆತ್ಮಕಥೆ, ಅಭಿನಂದನ ಗ್ರಂಥ, ಅರುವತ್ತರ ಸಂಭ್ರಮದ ಸಂಚಿಕೆ ಇವನ್ನು ನಾನು ಬೇಕಾದಷ್ಟು ಓದಿದ್ದೇನೆ, ಪ್ರೀತಿಯಿಂದಲೇ. ಹದಿಮೂರನೇ ವಯಸ್ಸಿಗೆ ಹಡಗಿನಲ್ಲೋ ಬಸ್ಸಿನಲ್ಲೋ ಬಂದದ್ದು, ಹೋಟೆಲಿನಲ್ಲಿ ಲೋಟ ತೊಳೆದದ್ದು, ಫೋರ್ಟಿನ ರಾತ್ರಿಶಾಲೆಯಲ್ಲಿ ಓದಿದ್ದು, ಫುಟ್‌ಪಾತಿನಲ್ಲಿ ಮಲಗಿದ್ದು, ಮಾಲೀಕನ ಪೆಟ್ಟು ತಿಂದದ್ದು, ಹಸಿವು. ಎಲ್ಲವನ್ನೂ ಮುಚ್ಚಿಡದೆ ಬರೆದಿದ್ದಾರೆ. ಹಸಿವನ್ನು ಅಷ್ಟು ಪ್ರಾಮಾಣಿಕವಾಗಿ ಬರೆದ ಆ ಹಿರಿಯರಲ್ಲಿ, ನಾನು ಓದಿದಷ್ಟರಲ್ಲಿ, ಒಬ್ಬರೂ ಒಂದು ವರ್ಷ ತನಗೆ ಹಾಸಿಗೆಯಿಂದ ಏಳಲು ಮನಸ್ಸಾಗುತ್ತಿರಲಿಲ್ಲ ಎಂದು ಬರೆದಿಲ್ಲ. ಹದಿಮೂರರ ಹುಡುಗ ಮನೆ ಬಿಟ್ಟು ಬಂದು ಅಡುಗೆಮನೆಯ ಅಟ್ಟದಲ್ಲಿ ಮಲಗಿದರೆ ಅವನ ಮನಸ್ಸಿಗೆ ಏನೂ ಆಗಲಿಲ್ಲವೇ? ಆಗಿರಬೇಕು. ಅದಕ್ಕೆ ಪದ ಇರಲಿಲ್ಲ; ಇದ್ದರೂ ಗ್ರಂಥ ಬಿಡುಗಡೆಯ ವೇದಿಕೆಯಲ್ಲಿ ಅದಕ್ಕೆ ಕುರ್ಚಿ ಇರಲಿಲ್ಲ.

ಹಾಗಂತ ಕನ್ನಡದ ರೋಗಿ ಬರೆದೇ ಇಲ್ಲ ಎಂದಲ್ಲ. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ದಶಕಗಟ್ಟಲೆ ಸರಳ ಕನ್ನಡದಲ್ಲಿ ಪುಸ್ತಕ ಬರೆದರು, ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. ಪತ್ರಿಕೆಗಳ ಪ್ರಶ್ನೋತ್ತರದ ಪುಟ ನೆನಪಿದೆಯೇ? ಆರು ಸಾಲಿನ ಪ್ರಶ್ನೆ, ಕೆಳಗೆ 'ಹೆಸರು ಬೇಡ' ಎಂದೋ ಬರೀ ಒಂದು ಅಕ್ಷರ ಮತ್ತು ಊರೋ, ಆಮೇಲೆ ಡಾಕ್ಟರರ ಉತ್ತರ. ನನ್ನ ಮಟ್ಟಿಗೆ ಕನ್ನಡದ ಮನೋರೋಗಿಗಳ ಆತ್ಮಕಥೆ ಎಂದರೆ ಆ ಆರಾರು ಸಾಲುಗಳೇ. ಯಾರಾದರೂ ಅವನ್ನೆಲ್ಲ ಒಟ್ಟುಮಾಡಿದರೆ ದೊಡ್ಡ ಗ್ರಂಥವಾದೀತು, ಮುಖಪುಟದ ಮೇಲೆ ಲೇಖಕರ ಹೆಸರಿಲ್ಲದ ಗ್ರಂಥ.

ಪಶ್ಚಿಮದಲ್ಲಿ ಹೆಸರು ಹಾಕಿ ಬರೆದವರು ಇದ್ದರು. ಅಮೆರಿಕದ ಕ್ಲಿಫರ್ಡ್ ಬಿಯರ್ಸ್ ಹುಚ್ಚಾಸ್ಪತ್ರೆಯಲ್ಲಿ ಕಾವಲಿನವರಿಂದ ತಿಂದ ಹೊಡೆತವನ್ನು 1908ರಲ್ಲಿ ಬರೆದು, ಮರುವರ್ಷ ಅದರ ಬಲದಿಂದಲೇ ಒಂದು ರಾಷ್ಟ್ರೀಯ ಸಮಿತಿ ಕಟ್ಟಿದ. ಮನೋವೈದ್ಯಶಾಸ್ತ್ರದ ಪ್ರೊಫೆಸರ್ ಕೇ ಜಾಮಿಸನ್ ತನಗೇ ಬೈಪೋಲಾರ್ ಖಾಯಿಲೆ ಇದೆ ಎಂದು 1995ರಲ್ಲಿ ಬರೆದರು. ನಮ್ಮ ದೇಶದಲ್ಲಿ ನನಗೆ ಗೊತ್ತಿರುವ ಅತ್ಯಂತ ಧೈರ್ಯದ ಪುಸ್ತಕ ಹಿಂದಿಯದು: 'ಕೋರ್ಟ್ ಮಾರ್ಷಲ್' ನಾಟಕದ ಸ್ವದೇಶ್ ದೀಪಕ್ ತಮ್ಮ ಏಳು ವರ್ಷದ ಕತ್ತಲೆಯನ್ನು ಬರೆದ 'ಮೈನೆ ಮಾಂಡೂ ನಹೀಂ ದೇಖಾ' (2003). ಇದನ್ನೂ ಇಂಗ್ಲಿಷಿಗೆ ತಂದವರು ಜೆರಿ ಪಿಂಟೊ. ಬರೆದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಪುಸ್ತಕದ ಮುಂದಿನದನ್ನೂ ತಿಳಿಯಬೇಕು. 2006ರಲ್ಲಿ ದೀಪಕ್ ಒಂದು ಬೆಳಿಗ್ಗೆ ಅಂಬಾಲಾದ ಮನೆಯಿಂದ ತಿರುಗಾಡಲು ಹೋದವರು ಮರಳಲಿಲ್ಲ.

ಮತ್ತೆ ಮುಂಬೈಗೆ, ಜುಹೂಗೆ. ಪರ್ವೀನ್ ಬಾಬಿಯ ಹೆಸರು ನಮ್ಮ ಹಿಂದಿನ ತಲೆಮಾರಿಗೆ ಚೆನ್ನಾಗಿ ಗೊತ್ತು. ಎಪ್ಪತ್ತರ ದಶಕದ ಆ ದೊಡ್ಡ ತಾರೆಗೆ ಸ್ಕಿಜೋಫ್ರೇನಿಯ ಎಂದು ಸುದ್ದಿಯಾಯಿತು. ಆಕೆ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಸಿನಿಮಾ ಪತ್ರಿಕೆಗಳಿಗೆ ವರ್ಷಗಟ್ಟಲೆ ಅದೇ ಹಬ್ಬ. ಆಕೆಯ ಜೊತೆ ಬಾಳಿದ್ದ ಮಹೇಶ್ ಭಟ್ ಆ ದಿನಗಳನ್ನು ಆಧರಿಸಿ 1982ರಲ್ಲಿ 'ಅರ್ಥ್' ತೆಗೆದರು, ಆಕೆ ಸತ್ತ ಮೇಲೆ 2006ರ 'ವೋ ಲಮ್ಹೆ'ಗೆ ಕತೆ ಬರೆದರು. 2005ರ ಜನವರಿಯಲ್ಲಿ ಜುಹೂವಿನ ಫ್ಲಾಟಿನ ಬಾಗಿಲ ಮುಂದೆ ಹಾಲು, ಪೇಪರು ಎರಡು ಮೂರು ದಿನದಿಂದ ಹಾಗೇ ಬಿದ್ದಿದ್ದನ್ನು ನೋಡಿ ಪೊಲೀಸರಿಗೆ ಹೇಳಿದರು. ಒಳಗೆ ಆಕೆಯ ಶವ ಇತ್ತು. ಆಗಲೂ ಕತೆ ಬರೆದವರು ಉಳಿದವರೇ.

ಹತ್ತು ವರ್ಷದ ಬಳಿಕ ದೀಪಿಕಾ ಪಡುಕೋಣೆ ಮಾತಾಡಿದರು. 2014ರ ಫೆಬ್ರವರಿಯಲ್ಲಿ ಶುರುವಾದ ಖಿನ್ನತೆಯ ಬಗ್ಗೆ 2015ರಲ್ಲಿ ಟಿವಿಯಲ್ಲಿ ಅಳುತ್ತ ಹೇಳಿದ್ದನ್ನು ನೀವೂ ನೋಡಿರಬಹುದು. ನನಗೆ ಅದರಲ್ಲಿ ಉಳಿದದ್ದು ಒಂದು ವಿವರ. ಬೆಂಗಳೂರಿನಿಂದ ಬಂದಿದ್ದ ಅಪ್ಪ ಅಮ್ಮ ವಾಪಸು ಹೊರಡಲು ಬ್ಯಾಗು ತುಂಬುತ್ತಿದ್ದಾಗ ಅಳು ಬಂತು, ಈ ಅಳು ಬೇರೆ ಥರದ್ದು ಎಂದು ತಾಯಿಗೆ ಹೊಳೆಯಿತು. ಮುಂಬೈಗೆ ಬಂದು ನೆಲೆಸಿದ ಯಾರಿಗೆ ಆ ದಿನ ಗೊತ್ತಿಲ್ಲ? ಅಮ್ಮ ಊರಿಗೆ ಹೊರಡುವ ದಿನ, ಫ್ರಿಜ್ಜಿನಲ್ಲಿ ನಾಲ್ಕು ದಿನಕ್ಕಾಗುವ ಹುಳಿ, ಬಾಗಿಲ ಬಳಿ ಚೀಲ. ನಮ್ಮಲ್ಲಿ ಎಷ್ಟು ಜನರ ಅಳುವನ್ನು ಆ ದಿನದ ಲೆಕ್ಕಕ್ಕೆ ಬರೆದು ಬಿಟ್ಟಿರಬಹುದು! ದೀಪಿಕಾ ಅದೇ ವರ್ಷ ಕಟ್ಟಿದ ಸಂಸ್ಥೆ ತನ್ನ ಗ್ರಾಮೀಣ ಕೆಲಸವನ್ನು ಮೊದಲು ಶುರುಮಾಡಿದ್ದು ದಾವಣಗೆರೆ ಜಿಲ್ಲೆಯಲ್ಲಿ ಎಂಬುದನ್ನೂ ಹೇಳಬೇಕು.

2018ರಲ್ಲಿ ಶಾಹೀನ್ ಭಟ್. ಮಹೇಶ್ ಭಟ್ಟರ ಮಗಳು. ಅಪ್ಪ ಇನ್ನೊಬ್ಬರ ಕತೆ ಹೇಳಿದ ಮನೆಯಲ್ಲಿ ಮಗಳು ತನ್ನದನ್ನು ತಾನೇ ಹೇಳಿದಳು. ನನ್ನ ಪ್ರಶ್ನೆಗೆ ಇತಿಹಾಸ ಕೊಟ್ಟ ಉತ್ತರ ಇದು ಎಂದು ನಾನು ಅಂದುಕೊಂಡಿದ್ದೇನೆ. ವಿದ್ವಾಂಸರು ಒಪ್ಪುತ್ತಾರೋ ಇಲ್ಲವೋ.

ಹದಿಮೂರರ ಸುಮಾರಿಗೆ ಶುರುವಾಗಿ, ಐದು ವರ್ಷ ಹೆಸರಿಲ್ಲದೆ ಕಾಡಿ, ಹದಿನೆಂಟಕ್ಕೆ ಡಾಕ್ಟರು ಖಿನ್ನತೆ ಎಂದು ಹೆಸರಿಟ್ಟರು ಎಂದು ಶಾಹೀನ್ ಬರೆಯುತ್ತಾರೆ. ಪುಸ್ತಕ ಬಂದಾಗ ಅವರಿಗೆ ಮೂವತ್ತು. ನನಗೆ ಬೇಕಾಗಿದ್ದ ಮಾತು ಅದರಲ್ಲಿ ಬಹಳ ಬೇಗ ಸಿಕ್ಕಿತು. 'ನಿನಗೇನು ಕಡಿಮೆ?' ಎಂಬ ಪ್ರಶ್ನೆ. ಹೆಸರುವಾಸಿ ಅಪ್ಪ, ತಾರೆಯಾದ ತಂಗಿ, ಸಮುದ್ರದ ಪಕ್ಕದ ಬದುಕು ಇರುವವರಿಗೆ ಜನ ಕೇಳುವ ಪ್ರಶ್ನೆ. ಅವರು ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ತನಗಿರುವ ಅನುಕೂಲಗಳನ್ನು ಒಪ್ಪುತ್ತಾರೆ, ಅವೆಲ್ಲ ಇದ್ದೂ ದುಃಖಿಸುವ ನಾಚಿಕೆ ಹೇಗೆ ಖಾಯಿಲೆಯ ಮೇಲೆ ಇನ್ನೊಂದು ಹೊರೆಯಾಗುತ್ತದೆ ಎಂದು ಹೇಳುತ್ತಾರೆ. ಸಿನಿಮಾದವರ ದುಃಖಕ್ಕೂ ಅಂಕೋಲೆಯ ಮ್ಯಾಷ್ಟ್ರ ಮಗನ ದುಃಖಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪ್ರಶ್ನೆ ಒಂದೇ ಆಗಿತ್ತು, ಅದೇ ಸಂಬಂಧ. ಅಪ್ಪ ಪಿ.ಎಫ್. ಮೇಲೆ ಸಾಲ ತೆಗೆದು ಓದಿಸಿದ್ದಾರೆ, ಒಳ್ಳೆಯ ಸಂಬಳ, ಇ.ಎಂ.ಐ. ಆದರೂ ಸ್ವಂತ ಮನೆ, ಊರಿನಲ್ಲಿ ನನ್ನ ಓರಗೆಯವರು ಮಳೆ ನಂಬಿ ಗದ್ದೆ ಮಾಡುತ್ತಿದ್ದಾರೆ. ನಿನಗೇನು ಕಡಿಮೆ? ಇದನ್ನು ನನಗೆ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಬೆಳಿಗ್ಗೆ 8.12ರ ಲೋಕಲ್ ಬಿಟ್ಟು, 8.25 ಬಿಟ್ಟು, ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತಿರುವಾಗ ನಾನೇ ಕೇಳಿಕೊಳ್ಳುತ್ತಿದ್ದೆ. ಸಮುದ್ರದ ಪಕ್ಕದವರಿಗೂ ಅದಕ್ಕೆ ಉತ್ತರ ಸಿಕ್ಕಿಲ್ಲ, ಆ ಪ್ರಶ್ನೆಯೇ ಬೇಡ ಎಂಬಲ್ಲಿಗೆ ಅವರು ಬಂದಿದ್ದಾರೆ ಎಂದು ಓದಿದಾಗ ನನ್ನ ಹೆಗಲು ಇಳಿಯಿತು. ಮೈಯಲ್ಲೇ ಗೊತ್ತಾಯಿತು, ಅಲಂಕಾರಕ್ಕೆ ಹೇಳುತ್ತಿಲ್ಲ.

ಎರಡನೆಯದು, ಪುಸ್ತಕದ ಕೊನೆಯಲ್ಲಿ ಆಕೆಗೆ ಗುಣವಾಗುವುದಿಲ್ಲ. ಯೋಗ ಮಾಡಿ, ಹಿಮಾಲಯಕ್ಕೆ ಹೋಗಿ, ಪ್ರೀತಿ ಸಿಕ್ಕಿ ಎಲ್ಲ ಸರಿಹೋಯಿತು ಎಂಬ ಅಧ್ಯಾಯ ಇಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ; ಬಂದಾಗ ಇದು ನಾನಲ್ಲ ಎಂದು ಓಡಿಸುವುದನ್ನು ಬಿಟ್ಟು, ಇದೂ ನನ್ನದೇ ಎಂದು ಕೂರಲು ಕಲಿತಿದ್ದಾರೆ. ಸ್ವೀಕಾರ ಎಂಬ ಪದವನ್ನು ಪ್ರವಚನಗಳಲ್ಲಿ ಕೇಳಿ ಕೇಳಿ ನನಗೆ ಅಜೀರ್ಣವಾಗಿತ್ತು. ಇಲ್ಲಿ ಅದು ಮಾತ್ರೆ, ನಿದ್ದೆ, ಕೆಟ್ಟ ದಿನ, ಸ್ನಾನ ಮಾಡಿದ ದಿನ ಇಂಥ ಚಿಲ್ಲರೆ ಲೆಕ್ಕವಾಗಿ ಕಂಡಿತು. ಲೆಕ್ಕ ಎಂದರೆ ನನಗೆ ಅರ್ಥವಾಗುತ್ತದೆ.

ನನ್ನದನ್ನೂ ಬರೆದುಬಿಡುತ್ತೇನೆ. 2019ರ ಮಳೆಗಾಲದಿಂದ ಎಸ್ಸಿಟಾಲೋಪ್ರಾಮ್, 10 ಮಿಲಿಗ್ರಾಂ, ರಾತ್ರಿ ಊಟವಾದ ಮೇಲೆ. ನಡುವೆ ಡಾಕ್ಟರು ಒಂದು ವರ್ಷ ಬಿಡಿಸಿದ್ದರು, ಮತ್ತೆ ಶುರುವಾಗಿದೆ. ಈ ಲೇಖನಕ್ಕೆ ಬೇರೆ ಹೆಸರು ಹಾಕೋಣವೇ ಎಂದು ಸಂಪಾದಕರು ಕೇಳಿದರು. ಬೇಡ ಅಂದೆ. ಹೆಂಡತಿ ಒಂದು ರಾತ್ರಿ ಯೋಚಿಸಿ, ಮಗಳ ಮದುವೆಗೆ ಇನ್ನೂ ಹದಿನೆಂಟು ವರ್ಷ ಇದೆ, ಅಷ್ಟರಲ್ಲಿ ಜನ ಸುಧಾರಿಸಿಯಾರು ಅಂದಳು. ಅವಳು ತಮಾಷೆಗೆ ಹೇಳಿದ್ದು ಪೂರ್ತಿ ತಮಾಷೆಯಲ್ಲ ಎಂದು ಇಬ್ಬರಿಗೂ ಗೊತ್ತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ದೊಡ್ಡ ನಗರಗಳಲ್ಲಿ ಇನ್ನೂ ಜಾಸ್ತಿ ಎಂದಿತ್ತು. ಆ 12ರಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಎರಡೂ ಕಡೆ ಕಾಲಿಟ್ಟ ನಾವು ಲೆಕ್ಕದಿಂದ ಚೆನ್ನಾಗಿಯೇ ತಪ್ಪಿಸಿಕೊಂಡೆವು. ನಮ್ಮ ಸಂಘಗಳ ವಾರ್ಷಿಕೋತ್ಸವಕ್ಕೆ ಮುನ್ನೂರು ಜನ ಸೇರಿದರೆ ಮೂವತ್ತು ಜನ ಎಂದು ನಾನು ಸುಮ್ಮನೆ ಕೂತು ಎಣಿಸುತ್ತೇನೆ. ಮೂರನೇ ಸಾಲು, ಕಿಟಕಿ ಪಕ್ಕ, ಊಟದ ಕೂಪನ್ ಹಿಡಿದವರು.

ಶಾಹೀನ್ ಅವರ ಪುಸ್ತಕವನ್ನು ನಾನು ಚಿಕ್ಕಮ್ಮನಿಗೆ ಹೇಳಿದೆ. ಅವಳಿಗೆ ಇಂಗ್ಲಿಷ್ ಬಾರದು. ಭಾನುವಾರದ ಫೋನಿನಲ್ಲಿ ಒಂದೊಂದು ಅಧ್ಯಾಯ, ನನಗೆ ತೋಚಿದ ಕನ್ನಡದಲ್ಲಿ. ಅವಳ ಮಗ, ಆ ಮೂರು ತಿಂಗಳ ಕೂಸು, ಈಗ ಪುಣೆಯಲ್ಲಿ ಇಂಜಿನಿಯರು. ಅವನಿಗೂ ಅವಳು ಆ ವರ್ಷದ ಬಗ್ಗೆ ಏನೂ ಹೇಳಿಲ್ಲ. ಇದನ್ನೆಲ್ಲ ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ. ಬರೆ, ಹೆಸರು ಬೇಡ ಅಂದಳು.

ಕೊನೆಯ ಅಧ್ಯಾಯ ಮುಗಿದ ದಿನ ಕೇಳಿದಳು, "ಅಲ್ಲ ತಮಾ, ಆ ಹುಡುಗಿಗೆ ಗುಣ ಆಯ್ತಾ?"

"ಪೂರ್ತಿ ಆಗಲಿಲ್ಲ ಚಿಕ್ಕಮ್ಮ."

"ಮತ್ತೆ ಪುಸ್ತಕ ಹ್ಯಾಗೆ ಬರೆದಳು?"

"ಹಾಗೇ ಇದ್ದುಕೊಂಡೇ ಬರೆದಳು."

ಬಹಳ ಹೊತ್ತು ಅವಳು ಮಾತಾಡಲಿಲ್ಲ. ಹಿನ್ನೆಲೆಯಲ್ಲಿ ಕುಕ್ಕರು ಕೂಗಿತು, ಅದನ್ನು ಇಳಿಸಿ ಬಂದಳು. ಆಮೇಲೆ ಚಾಳಿನ ನಲ್ಲಿಯ ಬಗ್ಗೆ ಹೇಳತೊಡಗಿದಳು. ನಸುಕಿನ ನಾಲ್ಕೂವರೆಗೆ ನೀರು ಬರುತ್ತಿತ್ತು. ಕೂಸು ರಾತ್ರಿಯಿಡೀ ಅತ್ತು ಆಗಷ್ಟೇ ಮಲಗಿರುತ್ತಿತ್ತು. ಹನ್ನೆರಡು ಮನೆಗೆ ಒಂದೇ ನಲ್ಲಿ, ಇವಳದು ಒಂಬತ್ತನೇ ಕೊಡ. ಕೊಡ ಇಟ್ಟು ನಿಂತಾಗ ಇವಳ ಹೆಸರು ಹಿಡಿದು ನಲ್ಲಿಯ ಒಳಗಿನಿಂದ ಯಾರೋ ಕರೆಯುತ್ತಿದ್ದರು. ತನ್ನ ಅವ್ವನ ದನಿಯಲ್ಲಿ. ಅವ್ವ ಸತ್ತು ಆಗ ಆರು ವರ್ಷ. ಯಾರಿಗೆ ಹೇಳುವುದು? ಹೇಳಿದರೆ ಕೂಸನ್ನು ಕಸಿದುಕೊಂಡಾರು ಎಂದು ಹೇಳಲಿಲ್ಲ. ಒಂದು ದಿನ ಕೊಡ ತುಂಬಿ ಹರಿದರೂ ಓ ಅನ್ನುತ್ತ ಅಲ್ಲೇ ನಿಂತಿದ್ದಳಂತೆ.

"ನೀರು ಒಗ್ಗಲಿಲ್ಲ, ನೀರು ಒಗ್ಗಲಿಲ್ಲ ಅಂತವೆ ಎಲ್ಲರೂ," ಅಂದಳು. "ನೀರು ಚಲೋ ಇತ್ತು ತಮಾ. ಉಳಿದದ್ದು ದೀಪಾವಳಿಗೆ ಬಾ, ಹೇಳ್ತೆ."